ಮದ್ದು ಬಿಟ್ಟ ಬ್ಲೈಂಡ್ಸ್

ಕಿಟಕಿಗೆ ಬಟ್ಟೆಯ ಪರದೆ ಹಾಕಿದರೆ ತಿಂಗಳಿಗೊಮ್ಮೆ ಬಿಚ್ಚಿ, ಸಾಬೂನು ನೀರಿನಲ್ಲಿ ನೆನೆಸಿ, ಕಲ್ಲಿಗೆ ನಾಲ್ಕು ಬಾರಿಸಿ ಒಣಗಲು ಹಾಕಿದರೆ ಮುಗಿಯಿತು. ಇಷ್ಟು ಸರಳವಾದ ವಿಷಯ ಸರಸಳಿಗೆ ಗೊತ್ತಿತ್ತು. ಅಬುಧಾಬಿಯಲ್ಲಿ ಕೆಲಸಕ್ಕಿರುವ ಅವಳ ಮಗ ಭವಿತ್‌ಗೆ ಗೊತ್ತಿರಲಿಲ್ಲ. ಹೋದ ಸಲ ರಜೆಗೆ ಬಂದವನು ಗುರುವಾಯನಕೆರೆಯ ಮನೆಯ ಅಷ್ಟೂ ಕಿಟಕಿಗಳ ಪರದೆ ಕಿತ್ತು ಬಿಳಿ ಪಟ್ಟಿಗಳ ಬ್ಲೈಂಡ್ಸ್ ಹಾಕಿಸಿದ. ದಾರ ಎಳೆದು ಮೇಲೆತ್ತಿ ತೋರಿಸಿದ, ಕಡ್ಡಿ ತಿರುಗಿಸಿ ಪಟ್ಟಿಗಳನ್ನು ತೆರೆದು ಮುಚ್ಚಿ ತೋರಿಸಿದ, "ನೋಡಿ ಅಮ್ಮ, ಎಷ್ಟು ನೀಟ್" ಎಂದು ವಿಮಾನ ಹತ್ತಿದ. ನೀಟಾಗಿ ಇಟ್ಟುಕೊಳ್ಳುವ ಕೆಲಸ ಉಳಿದವರ ತಲೆಗೆ ಬಿತ್ತು. ಉಳಿದವರು ಎಂದರೆ ಸರಸ ಒಬ್ಬಳೇ.

ಮನೆ ಇದ್ದದ್ದು ಮೂಡುಬಿದಿರೆಗೆ ಹೋಗುವ ರಸ್ತೆಯ ಬದಿಯಲ್ಲಿ. ರಸ್ತೆ ಅಗಲ ಮಾಡುತ್ತೇವೆ ಎಂದು ಅಗೆದು ಹಾಕಿದವರು ಎಲ್ಲಿ ಹೋದರೋ ಯಾರಿಗೂ ಗೊತ್ತಿಲ್ಲ. ಮಳೆ ನಿಂತದ್ದೇ ತಡ, ಒಂದೊಂದು ಬಸ್ಸು ಹೋದಾಗಲೂ ಕೆಂಪು ಧೂಳು ಎದ್ದು, ನೆಂಟರ ಹಾಗೆ ನೇರ ಒಳಗೆ ಬಂದು ಬ್ಲೈಂಡ್ಸ್ ಮೇಲೆ ಕೂರುತ್ತಿತ್ತು. ಒಂದು ಕಿಟಕಿಗೆ ಎಷ್ಟು ಪಟ್ಟಿ! ಒಂದೊಂದು ಪಟ್ಟಿಗೂ ಮೇಲೊಂದು ಮುಖ, ಕೆಳಗೊಂದು ಮುಖ. ಮೇಲಿನದನ್ನು ಒರೆಸಿದರೆ ಧೂಳು ಕೆಳಗಿನದಕ್ಕೆ. ಕೆಳಗಿನಿಂದ ಶುರು ಮಾಡಿದರೆ ಒರೆಸಿದ್ದೆಲ್ಲ ದಂಡ.

"ಅತ್ತೆ, ಕೈಗೆ ಹಳೇ ಸಾಕ್ಸ್ ಹಾಕಿ ಒರೆಸಿದ್ರೆ ಎರಡೂ ಬದಿ ಒಟ್ಟಿಗೆ ಹೋಗ್ತದೆ, ವಿಡಿಯೋದಲ್ಲಿ ಉಂಟು" ಎಂದು ಭವಿತ್‌ನ ಹೆಂಡತಿ ತೃಪ್ತಿ ಮೊಬೈಲು ತೋರಿಸಿದಳು. ತೃಪ್ತಿ ಮೂಡುಬಿದಿರೆಯ ಒಂದು ಶಾಲೆಯಲ್ಲಿ ಟೀಚರು. ವಿಡಿಯೋ ತೋರಿಸಿ ಬೆಳಗ್ಗಿನ ಬಸ್ಸು ಹಿಡಿದಳೆಂದರೆ ಮತ್ತೆ ಬರುವುದು ಸಂಜೆ. ವಿಡಿಯೋದ ಹೆಂಗಸು ನಗುನಗುತ್ತಾ ಒರೆಸುತ್ತಿದ್ದಳು. ಅವಳ ಊರಿನಲ್ಲಿ ಕೆಂಪು ಮಣ್ಣು ಇರಲಿಲ್ಲ, ಅವಳು ಬಂಗುಡೆ ಮೀನು ಹುರಿಯುತ್ತಲೂ ಇರಲಿಲ್ಲ. ಸರಸ ಗಂಡನ ಹಳೆಯ ಸಾಕ್ಸನ್ನು ಒದ್ದೆ ಮಾಡಿ ಕೈಗೆ ಹಾಕಿಕೊಂಡು ಅಡುಗೆಮನೆಯ ಕಿಟಕಿ ಒರೆಸಿದಳು. ಎಣ್ಣೆಯ ಹೊಗೆಯೂ ಧೂಳೂ ಸೇರಿ ಕಪ್ಪು ಅಂಟಾಗಿದ್ದದ್ದು ಈ ಮೂಲೆಯಿಂದ ಆ ಮೂಲೆಗೆ ಹರಡಿತು, ಅಷ್ಟೆ. ಸಿಟ್ಟಿನಲ್ಲಿ ಸ್ವಲ್ಪ ಒತ್ತಿದ್ದಕ್ಕೆ ಒಂದು ಪಟ್ಟಿ ಬಗ್ಗಿತು. ಬಗ್ಗಿದ ಪಟ್ಟಿ ನೆಟ್ಟಗಾಗುವ ಜಾತಿಯದಲ್ಲ ಎಂದು ಆಮೇಲೆ ತಿಳಿಯಿತು.

ಬೇರೆ ಕಿಟಕಿಗಳು ಹಾಳಾಗಿ ಹೋಗಲಿ, ಅಡುಗೆಮನೆಯ ಆ ಕಿಟಕಿಯನ್ನು ಸರಸ ಬಿಡುವಂತಿರಲಿಲ್ಲ. ಅದರಾಚೆ ಕಂಪೌಂಡು ಗೋಡೆ, ಗೋಡೆಯಾಚೆ ಖದೀಜಳ ಮನೆಯ ಒಗೆಯುವ ಕಲ್ಲು. ಸರಸ ಮದುವೆಯಾಗಿ ಬಂದ ಮರುವರ್ಷ ಖದೀಜಳೂ ಮದುವೆಯಾಗಿ ಬಂದವಳು. ಅಂದಿನಿಂದ ಇಬ್ಬರ ಲೋಕವೆಲ್ಲ ಆ ಕಿಟಕಿಯಲ್ಲಿ. ಮೀನಿನ ಗಾಡಿ ಬಂದದ್ದು, ಯಾರ ಸೊಸೆ ತವರಿಗೆ ಹೋದದ್ದು, ಯಾರಿಗೆ ಶುಗರ್ ಏರಿದ್ದು, ಎಲ್ಲ ಅಲ್ಲೇ ತಿಳಿಯಬೇಕು. ಕರಿಬೇವು ಈಚೆಯಿಂದ ಆಚೆಗೆ, ಹಬ್ಬದ ಬಿರಿಯಾನಿ ಆಚೆಯಿಂದ ಈಚೆಗೆ. ಖದೀಜಳ ಕೊನೆಯ ಮಗಳು ಜಸ್ನಾ ಚಿಕ್ಕವಳಿದ್ದಾಗ ಗೋಡೆ ಹತ್ತಿ ಕೂತು, ಸರಸ ಸರಳಿನ ಸಂದಿಯಿಂದ ಕೊಟ್ಟ, ಹಬೆಯಲ್ಲಿ ಬೆಂದ ಅಕ್ಕಿಯ ಪುಂಡಿ ತಿನ್ನುತ್ತಾ ಬೆಳೆದವಳು. ಮುಂಬಾಗಿಲಿನಿಂದ ಹೋಗುವುದಾದರೆ ಜಂಕ್ಷನ್ ಸುತ್ತಿ ಆ ಬದಿಯ ರಸ್ತೆಗೆ ಹೋಗಬೇಕು. ಅದು ಮದುವೆ ಮುಂಜಿಗೆ, ಸಾವಿಗೆ ಮಾತ್ರ.

ಬ್ಲೈಂಡ್ಸ್ ಒರೆಸಿ ಒರೆಸಿ ಸೊಂಟ ಹಿಡಿದು ಸರಸ ಗೊಣಗುತ್ತಿದ್ದುದನ್ನು ಕೇಳಿ ಕೇಳಿ ಅವಳ ಗಂಡ ಅಣ್ಣು ಶೆಟ್ಟರಿಗೆ ಒಂದು ದಿನ ಉಪಾಯ ಹೊಳೆಯಿತು. ಅಣ್ಣು ಶೆಟ್ಟರಿಗೆ ಉಪಾಯ ಹೊಳೆದಾಗಲೆಲ್ಲ ಮನೆಯಲ್ಲಿ ಏನಾದರೊಂದು ಮುರಿಯುವುದು ವಾಡಿಕೆ.

"ಇದಕ್ಕೆ ಒರೆಸಿದ್ರೆ ಆಗುದಿಲ್ಲ. ಪ್ರೆಷರಲ್ಲಿ ನೀರು ಬಿಡ್ಬೇಕು. ನಮ್ಮ ಪಂಪು ಉಂಟಲ್ಲ" ಎಂದರು.

"ಯಾವ ಪಂಪು?"

"ಮದ್ದು ಬಿಡುವ ಪಂಪು. ಕೊಕ್ಕಡದಿಂದ ಬಂದು ಶೆಡ್ಡಲ್ಲಿ ಸುಮ್ಮನೆ ಬಿದ್ದದ್ದು."

ಕೊಕ್ಕಡದಲ್ಲಿ ಅವರಿಗೆ ಒಂದಿಷ್ಟು ಅಡಿಕೆ ತೋಟ. ಕೊಳೆರೋಗ ಬಾರದ ಹಾಗೆ ಮಳೆಗಾಲದಲ್ಲಿ ನೀಲಿ ಮೈಲುತುತ್ತು, ಸುಣ್ಣ ಕಲಸಿ ಗೊನೆಗಳಿಗೆ ಸಿಂಪಡಿಸುವ ಪಂಪು ಅದು. "ಸರಿ ತೊಳ್ದಿದ್ದೀರಾ ಅದನ್ನು?" ಎಂದು ಸರಸ ಕೇಳಿದಳು. "ನನಗೆ ಹೇಳಿಕೊಡ್ಬೇಡ" ಎಂದರು ಶೆಟ್ಟರು. ಬ್ಲೈಂಡ್ಸನ್ನು ಕಿಟಕಿಯಿಂದ ಕೀಳುವಾಗಲೇ ಕ್ಲಿಪ್ಪು ಮುರಿಯಿತು. ಹೋಗಲಿ ಎಂದು ಟೆರೇಸಿಗೆ ಒಯ್ದು ಹಗ್ಗಕ್ಕೆ ನೇತುಹಾಕಿ, ಪಂಪು ಒತ್ತಿ, ಗುರಿಯಿಟ್ಟು ನೀರು ಬಿಟ್ಟರು. ಕಪ್ಪು ಅಂಟು ಸರಸರನೆ ಇಳಿಯಿತು. ಶೆಟ್ಟರ ಮುಖ ನೋಡಬೇಕಿತ್ತು ಆಗ.

ಬಿಸಿಲಿಗೆ ಒಣಗುತ್ತಾ ಬಂದ ಹಾಗೆ ಬಿಳಿ ಪಟ್ಟಿಗಳ ಮೇಲೆ ಒಂದೊಂದಾಗಿ ನೀಲಿ ಕಲೆಗಳು ಎದ್ದವು. ಪೈಪಿನ ತಳದಲ್ಲಿ ಉಳಿದಿದ್ದ ಮದ್ದು ನೀರಿನ ಜೊತೆ ಸೇರಿ ಪೂರ್ತಿ ಸಿಂಪಡಣೆಯಾಗಿತ್ತು. ಆ ಬ್ಲೈಂಡ್ಸಿಗೆ ಇನ್ನು ಕೊಳೆರೋಗ ಬರುವ ಹೆದರಿಕೆ ಇರಲಿಲ್ಲ. ಮೇಲಿನ ಪೆಟ್ಟಿಗೆಯೊಳಗೆ ಹೊಕ್ಕ ಸುಣ್ಣ ಗಟ್ಟಿಯಾಗಿ, ದಾರವೂ ಕಡ್ಡಿಯೂ ಜಪ್ಪಯ್ಯ ಎಂದರೂ ಅಲುಗಲಿಲ್ಲ.

ಸರಸ ಬೆಳ್ತಂಗಡಿಗೆ ಹಲ್ಲಿನ ಡಾಕ್ಟರ ಹತ್ತಿರ ಹೋಗಿದ್ದ ಹೊತ್ತು ನೋಡಿ ಶೆಟ್ಟರು ಅದನ್ನು ಹಾಗೆಯೇ ಮತ್ತೆ ಏರಿಸಿದರು. ಮುರಿದ ಕ್ಲಿಪ್ಪಿನ ಜಾಗಕ್ಕೆ ಪೈಪು ಸೋರುವಲ್ಲಿ ಮೆತ್ತುವ ಅಂಟು ಮೆತ್ತಿದರು. ಅದು ಕಲ್ಲಾಯಿತು. ಅವಳು ಮನೆಗೆ ಬರುವಾಗ ಅಡುಗೆಮನೆ ಕತ್ತಲು, ಪಟ್ಟಿಗಳೆಲ್ಲ ಬಿಗಿಯಾಗಿ ಮುಚ್ಚಿ, ತೆರೆಯಲೂ ಬಾರದು ಕೀಳಲೂ ಬಾರದು. ಹಗಲು ಹನ್ನೊಂದು ಗಂಟೆಗೆ ಲೈಟು ಹಾಕಿ ತೆಂಗಿನಕಾಯಿ ತುರಿಯಬೇಕಾಗಿ ಬಂದಾಗ ಸರಸಳಿಗೆ ತಲೆ ಚಿಟ್ಟು ಹಿಡಿಯಿತು.

"ಒಡೆದು ತೆಗಿತೇನೆ ನಾನು ಇದನ್ನು" ಎಂದಳು.

"ಬೇಡ ಅತ್ತೆ, ಅವರು ಮುಂದಿನ ತಿಂಗಳು ಬರ್ತಾರೆ, ನೋಡಿದ್ರೆ ಬೇಜಾರು ಮಾಡ್ತಾರೆ. ಮೂಡುಬಿದಿರೆಯಲ್ಲಿ ಒಬ್ರು ರಿಪೇರಿ ಮಾಡುವವರು ಇದ್ದಾರೆ, ಹೇಳಿದ್ದೇನೆ" ಎಂದಳು ತೃಪ್ತಿ. ರಿಪೇರಿಯವನು ದಿನವೂ ನಾಳೆ ಬರುತ್ತೇನೆ ಎನ್ನುತ್ತಿದ್ದ. ಅವನ ನಾಳೆ ಬರಲೇ ಇಲ್ಲ.

ಖದೀಜ ಕೂಗಿ ಕೇಳುತ್ತಾಳೆ ಎಂದು ಸರಸ ಕಾದಳು. "ಎಂತ ಸರಸಕ್ಕ, ಕಿಟಕಿಗೆ ಎಂತ ಆಯ್ತು?" ಎಂದು ಒಂದು ಮಾತು ಬಂದಿದ್ದರೆ ಗಂಡನ ಪಂಪಿನ ಕತೆ ಹೇಳಿ ಹೊಟ್ಟೆ ಹುಣ್ಣಾಗುವಷ್ಟು ನಗಬಹುದಿತ್ತು. ಮಾತು ಬರಲಿಲ್ಲ. ಬಟ್ಟೆ ಬಡಿಯುವ ಸದ್ದು ಮಾತ್ರ ಬಂತು, ಅದೂ ಎಂದಿಗಿಂತ ಜೋರಾಗಿ. ಆ ವಾರದ ಕೊನೆಗೆ ಖದೀಜಳ ಮಗ ಗೇಟಿನಲ್ಲೇ ನಿಂತು ಶೆಟ್ಟರ ಕೈಗೆ ಒಂದು ಕಾರ್ಡು ಕೊಟ್ಟು ಹೋದ. ಜಸ್ನಾಳ ಮದುವೆ. 'ತಾವು ಸಕುಟುಂಬ ಸಪರಿವಾರ ಆಗಮಿಸಿ' ಎಂದು ಚಿನ್ನದ ಅಕ್ಷರದಲ್ಲಿ ಅಚ್ಚು ಹಾಕಿಸಿದ್ದರು.

ಸರಸ ಕಾರ್ಡನ್ನು ತಿರುಗಿಸಿ ತಿರುಗಿಸಿ ನೋಡಿದಳು. ಕಾರ್ಡು ಕೊಡುವುದು ಪಂಚಾಯತಿನವರಿಗೆ, ಬ್ಯಾಂಕಿನವರಿಗೆ. ಬೇಕಾದವರಿಗೆ ಬಾಯಿಯಲ್ಲಿ ಹೇಳುತ್ತಾರೆ, ಅದೂ ಎಲ್ಲರಿಗಿಂತ ಮೊದಲು. ಅವಳ ಕೈಯ ಪುಂಡಿ ತಿಂದು ಬೆಳೆದ ಹುಡುಗಿಗೆ ಗಂಡು ಗೊತ್ತಾಗಿದೆ, ದಿನ ನಿಶ್ಚಯವಾಗಿದೆ, ಕಾರ್ಡು ಅಚ್ಚಾಗಿದೆ, ಸರಸಳಿಗೆ ಗೇಟಿನಲ್ಲಿ 'ಆಗಮಿಸಿ' ಎಂಬ ಮಾತು! ಅಷ್ಟು ದೊಡ್ಡವರಾದರಾ ಇವರು? ಸರಸ ಕಾರ್ಡನ್ನು ಫ್ರಿಜ್ಜಿನ ಮೇಲೆ ಎಸೆದಳು. ಆಚೆ ಮನೆಗೆ ಸುತ್ತಿ ಹೋಗಿ ಕೇಳುವುದು ಇನ್ನು ಸಾಧ್ಯವೇ ಇಲ್ಲ ಎಂದುಕೊಂಡಳು.

ಆದರೂ ಮನಸ್ಸು ಕೇಳಬೇಕಲ್ಲ. ಒಂದು ಬೆಳಗ್ಗೆ ಬಟ್ಟೆ ಬಡಿಯುವ ಸದ್ದು ಕೇಳಿ, ಎರಡು ಬೆರಳಿನಿಂದ ಒಂದು ಪಟ್ಟಿ ಮೇಲೆತ್ತಿ ಇಣುಕಿದಳು. ಅದೇ ಹೊತ್ತಿಗೆ ಖದೀಜ ತಲೆಯೆತ್ತಿದಳು. ಪಟ್ಟಿಯ ಸಂದಿಯಲ್ಲಿ ಒಂದು ಕಣ್ಣು ಕಂಡಿರಬೇಕು. ಮುಖ ತಿರುಗಿಸಿ, ಅರ್ಧ ಒಗೆದ ಬಟ್ಟೆಯನ್ನು ಬಕೆಟಿಗೆ ತುಂಬಿ ಒಳಗೆ ಹೋದಳು. ಪಟ್ಟಿ ಬಗ್ಗಿ ಹಾಗೆಯೇ ನಿಂತಿತು, ಇನ್ನೂ ಇಣುಕುತ್ತಿರುವವರ ಹಾಗೆ. ಸರಸಳಿಗೆ ನಾಚಿಕೆಯಾಯಿತು. ತನ್ನದೇ ಅಡುಗೆಮನೆಯಲ್ಲಿ ಕದ್ದು ನೋಡುವ ಹಾಗೆ ಮಾಡಿತಲ್ಲ ಈ ದರಿದ್ರ ಪಟ್ಟಿ!

ಮರುದಿನ ಜಂಕ್ಷನ್ನಿನ ಸುಬ್ಬಪ್ಪನ ಅಂಗಡಿಗೆ ಬೆಲ್ಲ ತರಲು ಹೋದಳು. ಸುಬ್ಬಪ್ಪ ಬೆಲ್ಲ ಕಟ್ಟುತ್ತಾ ತಗ್ಗಿದ ದನಿಯಲ್ಲಿ, "ಆ ಬದಿಯ ಕಿಟಕಿ ಮುಚ್ಚಿಸಿದ್ರಂತೆ ಅಲ್ವಾ ಸರಸಕ್ಕ? ಒಳ್ಳೇದಾಯ್ತು ಬಿಡಿ" ಎಂದ.

"ಯಾರು ಹೇಳಿದ್ದು?"

"ಎಲ್ಲರೂ ಹೇಳ್ತಾರೆ. ನಾನಂತೂ ಯಾವಾಗ್ಲೂ ಹೇಳುದು, ಈಗಿನ ಕಾಲದಲ್ಲಿ ಅವರ ಹತ್ರ ಸ್ವಲ್ಪ ದೂರ ಇದ್ರೇ ಒಳ್ಳೇದು. ನಿಮಗೂ ಬುದ್ಧಿ ಬಂತಲ್ಲ, ಸಾಕು."

ಸುಬ್ಬಪ್ಪ ಹೊಗಳುತ್ತಿದ್ದ. ಸರಸ ಮಾಡದ ಕೆಲಸಕ್ಕೆ, ಕನಸಿನಲ್ಲೂ ಎಣಿಸದ ಕೆಲಸಕ್ಕೆ, ಬೆಲ್ಲದ ಅಂಗಡಿಯಲ್ಲಿ ಶಹಬ್ಬಾಸ್ ಸಿಗುತ್ತಿತ್ತು. ಜಂಕ್ಷನ್ನಿನವರೆಲ್ಲ ಹೀಗೆ ತಿಳಿದಿದ್ದರೆ ಗೋಡೆಯಾಚೆ ಬಟ್ಟೆ ಒಗೆಯುವವಳು ಏನೆಂದು ತಿಳಿದಿರಬಹುದು? ಸರಸ ಕಟ್ಟಿದ ಬೆಲ್ಲವನ್ನು ಸುಬ್ಬಪ್ಪನ ಕಡೆಗೆ ತಳ್ಳಿದಳು.

"ನಿಮ್ಮ ಬೆಲ್ಲ ನೀವೇ ಇಟ್ಕೊಳ್ಳಿ" ಎಂದು ಹೇಳಿ ಹೊರಟಳು.

ಮನೆಗೆ ಬಂದವಳು ಜಗಲಿಯಲ್ಲಿ ಪೇಪರು ಓದುತ್ತಿದ್ದ ಗಂಡನ ಎದುರು ನಿಂತಳು. "ಆ ದಿನ ನಾನು ಬೆಳ್ತಂಗಡಿಗೆ ಹೋದಾಗ ನೀವು ಆ ಬ್ಲೈಂಡ್ಸ್ ಏರಿಸುವಾಗ ಖದೀಜ ಇದ್ಲಾ ಆಚೆ?"

ಶೆಟ್ಟರು ಪೇಪರು ಕೆಳಗಿಳಿಸಿ ಯೋಚಿಸಿದರು. "ಇದ್ರು. ಗೋಡೆ ಹತ್ರ ಬಂದು ಸರಸಕ್ಕಾ ಸರಸಕ್ಕಾ ಅಂತ ಕರೆದ್ರು. ಎಂತದೋ ಭಾರೀ ಖುಷಿಯಲ್ಲಿದ್ರು. ಅಷ್ಟರಲ್ಲಿ ಒಟ್ಟಿಗೆ ಹಿಡಿದಿದ್ದ ಪಟ್ಟಿಯೆಲ್ಲ ಕೈಜಾರಿ ರಪ್ಪಂತ ಕೆಳಗೆ ಬಿದ್ದು ಕಿಟಕಿ ಮುಚ್ಚಿಕೊಂಡಿತು."

"ಮತ್ತೆ ನೀವು ಎಂತ ಹೇಳಿದ್ರಿ?"

"ಎಂತ ಹೇಳುದು ಮಾರಾಯ್ತಿ? ಬಾಯಿಯಲ್ಲಿ ಸ್ಕ್ರೂ ಇತ್ತು."

"ಆಮೇಲೆ? ಸ್ಕ್ರೂ ಬಾಯಿಂದ ತೆಗೆದ ಮೇಲೆ?"

"ಆಮೇಲೆ ಮರ್ತೇ ಹೋಯ್ತು."

ಸರಸಳಿಗೆ ಅಳಬೇಕೋ ಕೂಗಬೇಕೋ ತಿಳಿಯಲಿಲ್ಲ. ಖದೀಜ ಬಂದದ್ದು ಜಸ್ನಾಳ ಸುದ್ದಿ ಹೇಳಲು. ಕಾರ್ಡು ಅಚ್ಚಾಗುವ ಮೊದಲು, ಜಂಕ್ಷನ್ನಿಗೆ ಗೊತ್ತಾಗುವ ಮೊದಲು, ಎಲ್ಲರಿಗಿಂತ ಮೊದಲು ಇಲ್ಲಿಗೆ ಬಂದಿದ್ದಳು. ಬಂದವಳ ಮುಖದ ಮೇಲೆಯೇ ಕಿಟಕಿ ಮುಚ್ಚಿತು. ಒಳಗೆ ಯಾರೋ ಇದ್ದಾರೆಂದು ಸದ್ದಿನಿಂದ ಗೊತ್ತು, ಉತ್ತರ ಕೊಡುವವರು ಮಾತ್ರ ಯಾರೂ ಇಲ್ಲ.

ಅವಳು ಅಡುಗೆಮನೆಗೆ ನುಗ್ಗಿ ತೆಂಗಿನಕಾಯಿ ಸುಲಿಯುವ ಕತ್ತಿ ಎತ್ತಿಕೊಂಡಳು. "ಭವಿತ್‌ಗೆ ಎಂತ ಹೇಳುದು?" ಎನ್ನುತ್ತಾ ಶೆಟ್ಟರು ಹಿಂದೆಯೇ ಓಡಿ ಬಂದರು.

"ಅಪ್ಪ ಮದ್ದು ಬಿಟ್ರು ಅಂತ ಹೇಳಿ!"

ಸ್ಟೂಲು ಹತ್ತಿ ದಾರಗಳನ್ನು ಕಚಕಚನೆ ಕೊಯ್ದಳು. ಮೇಲಿನ ಪೆಟ್ಟಿಗೆಯನ್ನು ಎರಡೂ ಕೈಯಿಂದ ಹಿಡಿದು ಜಗ್ಗಿದಳು. ಶೆಟ್ಟರು ಮೆತ್ತಿದ ಅಂಟು ಒಂದು ಹಿಡಿ ಗಾರೆಯನ್ನೂ ಕಿತ್ತುಕೊಂಡೇ ಬಂತು. ಪಟ್ಟಿಗಳು ಗಲಗಲನೆ ಒಲೆಯ ಮೇಲೆ, ಸಿಂಕಿನಲ್ಲಿ, ನೆಲದ ಮೇಲೆ ಉದುರಿದವು. ಬೆಳಕು ಒಮ್ಮೆಲೇ ಒಳಗೆ ಬಿತ್ತು. ಕಣ್ಣು ಕಿರಿದು ಮಾಡಿ ನೋಡಿದಾಗ ಗೋಡೆಯಾಚೆ ಖದೀಜ ಒದ್ದೆ ಬಟ್ಟೆ ಹಿಡಿದು ಬಾಯಿ ತೆರೆದು ನಿಂತಿದ್ದಳು.

ಸರಸ ಕೈಯಲ್ಲಿ ಉಳಿದಿದ್ದ ಪಟ್ಟಿಗಳ ಗೊಂಚಲನ್ನು ಸರಳಿಗೆ ಒತ್ತಿ ಹಿಡಿದು ತೋರಿಸಿದಳು.

ಖದೀಜ ಬಟ್ಟೆ ಕಲ್ಲಿನ ಮೇಲಿಟ್ಟು ಗೋಡೆಯ ಹತ್ತಿರ ಬಂದಳು. ಬಿಳಿ ಪಟ್ಟಿಗಳ ಮೇಲಿನ ನೀಲಿ ಕಲೆಗಳನ್ನು ನೋಡಿದಳು. ಅವಳ ತವರು ಪುತ್ತಿಗೆ, ಅಪ್ಪನದು ಅಡಿಕೆ ವ್ಯಾಪಾರ. ಆ ನೀಲಿ ಯಾವುದೆಂದು ಅವಳಿಗೆ ಯಾರೂ ಹೇಳಿಕೊಡಬೇಕಿರಲಿಲ್ಲ.

"ಮದ್ದಿನ ಪಂಪಲ್ಲಿ ತೊಳೆದದ್ದಾ?" ಎಂದು ಕೇಳಿದಳು.

"ನಾನಲ್ಲ."

"ಶೆಟ್ರಾ?"

"ಮತ್ಯಾರು? ನೀನು ಬಂದಾಗಲೂ ಅವರೇ ಇದ್ದದ್ದು, ಬಾಯಲ್ಲಿ ಸ್ಕ್ರೂ ಕಚ್ಚಿಕೊಂಡು. ನಾನು ಮನೆಯಲ್ಲೇ ಇರ್ಲಿಲ್ಲ ಖದೀಜ, ಹಲ್ಲು ಕೀಳಿಸ್ಲಿಕ್ಕೆ ಹೋಗಿದ್ದೆ. ಸುಣ್ಣ ಹಿಡಿದು ಗಟ್ಟಿಯಾಗಿತ್ತು ಅದು, ತೆರೆಯುದೇ ಇಲ್ಲ. ನನಗೆ ಗೊತ್ತೇ ಇರ್ಲಿಲ್ಲ..."

ಖದೀಜ ನಗಲು ಶುರು ಮಾಡಿದವಳು ಅರ್ಧದಲ್ಲೇ ತಲೆಯ ಮೇಲಿನ ಬಟ್ಟೆಯ ತುದಿಯಿಂದ ಕಣ್ಣು ಒತ್ತಿಕೊಂಡಳು. "ನಾನು ಏನೇನೋ ಎಣಿಸಿದೆ" ಎಂದಳು. ಏನು ಎಣಿಸಿದೆ ಎಂದು ಸರಸ ಕೇಳಲಿಲ್ಲ.

ಖದೀಜ ಒದ್ದೆ ಕೈಯನ್ನು ಬಟ್ಟೆಗೆ ಒರೆಸಿಕೊಂಡು, ಗೋಡೆಗೆ ಮೊಣಕೈಯೂರಿ, ಆ ದಿನ ಹೇಳಲು ಬಂದದ್ದನ್ನು ಈಗ ತಾನೇ ಬಂದವಳ ಹಾಗೆ ಹೇಳಿದಳು. "ಸರಸಕ್ಕ, ನಮ್ಮ ಜಸ್ನಾಗೆ ಗಂಡು ಗೊತ್ತಾಯ್ತು."

ಫ್ರಿಜ್ಜಿನ ಮೇಲೆ ಚಿನ್ನದ ಅಕ್ಷರದ ಕಾರ್ಡು ಇತ್ತು. ಹುಡುಗನ ಹೆಸರು, ಊರು, ದಿನ, ಮದುವೆಯ ಹಾಲ್ ಎಲ್ಲವೂ ಸರಸಳಿಗೆ ಬಾಯಿಪಾಠವಾಗಿತ್ತು.

"ಹೌದಾ!" ಎಂದಳು ಅವಳು. "ಯಾವಾಗ? ಹುಡುಗ ಎಲ್ಲಿಯವ?"