ಸಸ್ತಾಪುರ ಕ್ರಾಸಿನ ಗೆಟ್ ಆನ್

ಸಂಜೀವಕುಮಾರ ಎಂಬ ಮನುಷ್ಯನ ಹೆಸರು ಕೇಳಿದರೆ ಈಗಲೂ ನನ್ನ ಬಾಯಿ ಕಹಿಯಾಗುತ್ತದೆ. ಬಸವಕಲ್ಯಾಣದಲ್ಲಿ ಅವನದೊಂದು ಸ್ಪೋಕನ್ ಇಂಗ್ಲಿಷ್ ಕ್ಲಾಸು. ಅಲ್ಲಿ ಪಾಠ ಹೇಳುತ್ತಿದ್ದವಳು ನಾನು, ವಿಜಯಶ್ರೀ. ಆ ವಾರ ಪ್ರಯಾಣದ ಮಾತುಗಳು ನಡೆದಿದ್ದವು. ಬಸ್ಸು ಹತ್ತಿದರೆ ಗೆಟ್ ಆನ್, ಆಟೋ ಹತ್ತಿದರೆ ಗೆಟ್ ಇನ್. ಬಸ್ಸಿನಿಂದ ಇಳಿದರೆ ಗೆಟ್ ಆಫ್, ಆಟೋದಿಂದ ಇಳಿದರೆ ಗೆಟ್ ಔಟ್, ಊರಿಗೆ ಹೊರಟರೆ ಸೆಟ್ ಆಫ್. ಕುರ್ಚಿಗಳನ್ನು ಬಸ್ಸಿನಂತೆ ಸಾಲಾಗಿ ಇಟ್ಟು, ಹುಡುಗರನ್ನು ಹತ್ತಿಸಿ ಇಳಿಸಿ ಕಲಿಸುತ್ತಿದ್ದೆ. ಅವರೂ ನಗುತ್ತ ಕಲಿಯುತ್ತಿದ್ದರು. ಅಷ್ಟಕ್ಕೇ ಬಿಟ್ಟಿದ್ದರೆ ಚೆನ್ನಾಗಿತ್ತು.

ಈ ಮಹಾಶಯ ಬಿಡಬೇಕಲ್ಲ! "ಕುರ್ಚಿ ಮ್ಯಾಲ ಕುಂತು ಗೆಟ್ ಆನ್ ಅಂದ್ರ ಯಾರ್ ನೋಡ್ತಾರ್ರಿ ಮೇಡಂ? ಖರೇ ಬಸ್ಸಿನ್ಯಾಗ ಪಾಠ ಮಾಡ್ರಿ. ವಿಡಿಯೋ ಹ್ಯಾಂಗ ಓಡ್ತದ ನೋಡ್ರಿ," ಅಂದ. ಹುಮನಾಬಾದಿಗೆ ಹೋಗುವ ಬೆಳಗಿನ ಬಸ್ಸೇ ಆಗಬೇಕಂತೆ. ಹುಡುಗರು ಮುಂಚೆಯೇ ಹೋಗಿ ಸಸ್ತಾಪುರ ಕ್ರಾಸಿನಲ್ಲಿ ನಿಂತಿರಬೇಕು. ಅವರು ಹತ್ತುವುದನ್ನು ಇವನು ಮೊಬೈಲಿನಲ್ಲಿ ಹಿಡಿಯಬೇಕು. ಹತ್ತಿದವರಿಗೆಲ್ಲ ಕಿಟಕಿ ಪಕ್ಕದ ಸೀಟು ಖಾಲಿ ಇರಬೇಕು.

ಸೀಟು ಹಿಡಿಯಲು ನಮ್ಮ ಕಡೆ ಇರುವುದು ಒಂದೇ ದಾರಿ. ಬಸ್ಸು ಸ್ಟ್ಯಾಂಡಿಗೆ ಬಂದು ನಿಲ್ಲುವುದರೊಳಗೆ ಕಿಟಕಿಯಿಂದ ಸೀಟಿನ ಮೇಲೆ ದಸ್ತಿ ಒಗೆಯಬೇಕು. ಯಾರ ಕರವಸ್ತ್ರ ಬಿದ್ದಿತೋ ಸೀಟು ಅವರದು. ಗೌಡನಿರಲಿ, ಫಕೀರನಿರಲಿ, ಇನ್ನೊಬ್ಬರ ದಸ್ತಿ ಸರಿಸಿ ಕೂಡುವುದಿಲ್ಲ. ಬೇರೆ ಯಾವುದಕ್ಕೆ ಕಚ್ಚಾಡಿದರೂ ಇದೊಂದರಲ್ಲಿ ನಮ್ಮ ಜನ ನಿಯತ್ತಿನವರು. ಸಂಜೀವಕುಮಾರ ಅಂಗಡಿಯಿಂದ ಹೊಸ ದಸ್ತಿಗಳ ಕಟ್ಟನ್ನೇ ತಂದಿದ್ದ. ಬಸ್ಸಿನ ಮಗ್ಗುಲಲ್ಲಿ ಓಡುತ್ತ, ಕೋಳಿಗೆ ಕಾಳು ಚೆಲ್ಲಿದಂತೆ ಕಿಟಕಿ ಕಿಟಕಿಗೂ ಒಗೆದ.

ನಾನೂ ಅವನೂ ಹತ್ತಿದೆವು, ಬಸ್ಸು ಹೊರಟಿತು. ಸೀಟುಗಳ ಮೇಲೆ ದಸ್ತಿಗಳು ಆರಾಮಾಗಿ ಕೂತಿದ್ದವು, ಜನ ನಿಂತಿದ್ದರು. ಕಂಡಕ್ಟರ್ ಗುಂಡಪ್ಪನೂ "ದಸ್ತಿ ಬಿದ್ದದ, ಬರ್ತಾರ ಅವರು" ಎನ್ನುತ್ತ ಟಿಕೆಟು ಕೊಡುತ್ತ ಹೋದ.

ನನ್ನ ಪಕ್ಕದಲ್ಲಿ ಕಂಬ ಹಿಡಿದು ನಿಂತವಳು ತುಂಬಿದ ಬಸುರಿ. ಅವಳ ಬೆನ್ನಿಗೆ ಕೈ ಕೊಟ್ಟು ನಿಂತಿದ್ದ ಅತ್ತೆ ಕರೀಮಾ, "ಗಟ್ಟಿ ಹಿಡಿ ಖುಷ್ನುಮಾ" ಅನ್ನುತ್ತಿದ್ದಳು. ಹುಡುಗಿಯ ಮುಖ ಬಿಳಿಚಿಕೊಂಡಿತ್ತು.

"ಕುಂದರ್ಸ್ರಿ ಅಮ್ಮಾ ಆಕೀನ," ಅಂದೆ.

"ಯಾರದೋ ದಸ್ತಿ ಅದ ಬೇಟಾ, ಹ್ಯಾಂಗ ಕುಂದರ್ಬೇಕು?" ಅಂದಳು ಕರೀಮಾ. ಸುತ್ತಲಿನ ಗಂಡಸರತ್ತ ಒಮ್ಮೆ ನೋಡಿ ನನ್ನ ಕಿವಿಗೆ ಬಾಯಿ ಹಚ್ಚಿದಳು. "ರಾತ್ರಿಯಿಂದ ಕೂಸು ಹೊಟ್ಟ್ಯಾಗ ಅಲ್ಲಾಡವಲ್ದು. ಹುಮನಾಬಾದ್ ಡಾಕ್ಟರಮ್ಮಗ ಫೋನ್ ಹಚ್ಚಿದ್ರ ಜಲ್ದಿ ಕರ್ಕೊಂಡು ಬರ್ರಿ ಅಂದಾಳ. ಇಷ್ಟ ಮಂದಿ ಗಂಡಸರ ಮುಂದ ಇದನ್ನ ಹ್ಯಾಂಗ ಹೇಳಲಿ?"

ಹತ್ತಿರದ ಸೀಟಿನ ದಸ್ತಿ ಎತ್ತಿಕೊಂಡೆ. "ಇದು ನಂದೇ ದಸ್ತಿ ಅಮ್ಮಾ. ನನಗ ನಿಂತೇ ಪಾಠ ಮಾಡೋದದ. ಕುಂದರ್ಸ್ರಿ," ಅಂದೆ. ಹಾಗೆ ಸುಳ್ಳು ಹೇಳದಿದ್ದರೆ ಆ ಮುದುಕಿ ಒಪ್ಪುತ್ತಿರಲಿಲ್ಲ. ಖುಷ್ನುಮಾ ಹೊಟ್ಟೆಯ ಮೇಲೆ ಅಂಗೈ ಇಟ್ಟುಕೊಂಡು ಮೆಲ್ಲಗೆ ಕೂತಳು.

ಸಸ್ತಾಪುರ ಕ್ರಾಸ್ ಬಂತು. ಸಂಜೀವಕುಮಾರ ಜಿಗಿದು ಕೆಳಗಿಳಿದ. ಹುಡುಗರು "ವಿ ಆರ್ ಗೆಟಿಂಗ್ ಆನ್ ದ ಬಸ್" ಎಂದು ಕೂಗುತ್ತ ಹತ್ತಿದರು.

"ನಗು ಇಲ್ಲ ಮುಖದಾಗ. ಇಳೀರಿ, ಮತ್ತೊಮ್ಮೆ ಹತ್ರಿ," ಅಂದ.

ಇಳಿದರು, ಹತ್ತಿದರು. ಈ ಸಲ ನಡುವೆ ಲಾರಿಯೊಂದು ಬಂದು ಎಲ್ಲ ಕೆಟ್ಟಿತಂತೆ. ಮತ್ತೆ ಇಳಿಸಿದ. ಅಷ್ಟೂ ಟಿಕೆಟು ಸಿಗುವ ಆಸೆಗೆ ಗುಂಡಪ್ಪನೂ ಬಸ್ಸು ನಿಲ್ಲಿಸಿಕೊಂಡಿದ್ದ. ಬೆಕ್ಕಿಗೆ ಚೆಲ್ಲಾಟ, ಇಲಿಗೆ ಪ್ರಾಣಸಂಕಟ. ನಾನು ಇಳಿದು ಹೋಗಿ ಅವನನ್ನು ಪಕ್ಕಕ್ಕೆ ಕರೆದೆ. ಹೊಟ್ಟೆಯಲ್ಲಿ ಕೂಸು ಅಲ್ಲಾಡುತ್ತಿಲ್ಲ, ಒಂದೊಂದು ಗಳಿಗೆಯೂ ಮುಖ್ಯ, ಸಾಕು ಮಾಡಿ ಎಂದು ಬಿಡಿಸಿ ಹೇಳಿದೆ.

ಅವನು ಮೊಬೈಲಿನಿಂದ ಕಣ್ಣು ತೆಗೆಯಲಿಲ್ಲ. "ಎರಡ ನಿಮಿಷ ಮೇಡಂ, ಬೆಳಕು ಛಲೋ ಅದ. ಮತ್ತ ಆ ಬಸುರಿ ಕಿಟಕ್ಯಾಗ ಕಾಣಾಕತ್ತಾಳ. ವಿಡಿಯೋ ಹೊಲಸು ಕಾಣ್ತದ. ಆಕೀಗಿ ಒಂದೀಟು ಏಳಂತ ಹೇಳ್ರಿ."

ಥೂ! ಇವನು ಕೊಟ್ಟ ಸಂಬಳದಲ್ಲಿ ಇಷ್ಟು ದಿನ ಅನ್ನ ಉಂಡೆನಲ್ಲ ಎಂದು ನನಗೆ ಹೇಸಿಗೆಯಾಯಿತು. ತಿರುಗಿ ಬಸ್ಸು ಹತ್ತಿದೆ.

ಒಳಗೆ ಖುಷ್ನುಮಾ ಮುಂದಿನ ಸೀಟಿನ ಕಂಬಿ ಹಿಡಿದು ಏಳುತ್ತಿದ್ದಳು. ಕಿಟಕಿಯಿಂದ ಅವನ ಮಾತು ಕೇಳಿಸಿತ್ತು. "ನಿಮ್ ಕೆಲಸ ಆಗ್ಲಿ ಟೀಚರ್. ನಾ ನಿಂದರ್ತೀನಿ."

ಅವಳ ಭುಜ ಹಿಡಿದು ಕೂರಿಸಿದೆ. ಗುಂಡಪ್ಪನ ಹತ್ತಿರ ಹೋದೆ. "ಅಣ್ಣಾ, ಈ ಹುಡುಗಿ ಜಲ್ದಿ ದವಾಖಾನಿ ಮುಟ್ಟಬೇಕು. ರೈಟ್ ಅನ್ರಿ."

"ಹುಡುಗ್ರು ಇನ್ನಾ ಕೆಳಗ ಅವಲ್ರಿ?"

"ಅವು ಕಲಿಯಾಕ ಬಂದಾವು. ಹಿಂದಿನ ಬಸ್ಸಿನ್ಯಾಗ ಕಲೀತಾವು."

ಗುಂಡಪ್ಪ ಖುಷ್ನುಮಾಳ ಮುಖ ನೋಡಿದ. ಬಾಗಿಲು ಎಳೆದು "ರೈಟ್, ರೈಟ್" ಅಂದ. ಬಸ್ಸು ಹೆದ್ದಾರಿಗೆ ತಿರುಗಿತು. ಸಂಜೀವಕುಮಾರ ಮೊಬೈಲ್ ಎತ್ತಿ ಹಿಡಿದು, ಕೂಗುತ್ತ ಸ್ವಲ್ಪ ದೂರ ಹಿಂದೆ ಓಡಿ ಬಂದ. ಹುಡುಗರು ನಿಂತಲ್ಲೇ ನಿಂತಿದ್ದರು. ದಾರಿಯುದ್ದಕ್ಕೂ ಕರೀಮಾಳ ತುಟಿ ದುವಾದಲ್ಲಿ ಅಲ್ಲಾಡುತ್ತಿತ್ತು.

ಹುಮನಾಬಾದಿನ ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಖುಷ್ನುಮಾಳನ್ನು ಒಳಗೆ ಕರೆದುಕೊಂಡು ಪರದೆ ಎಳೆದರು. ಕರೀಮಾ ಪರದೆಯ ಹತ್ತಿರ ನಿಂತಳು, ನಾನು ಬೆಂಚಿನ ಮೇಲೆ ಕೂತೆ. ಆಗ ಫೋನು ಬಂತು, ಸಂಜೀವಕುಮಾರನದು. ಬೈಯಲಿ, ನಾನೂ ನಾಲ್ಕು ಬೈಯೋಣ ಎಂದು ಎತ್ತಿದೆ. ಅವನು ಖುಷಿಯಲ್ಲಿದ್ದ.

"ಮೇಡಂ, ಹಿಂದ ನಿಂತ ಹುಡುಗ ಒಬ್ಬಾಂವ ತನ್ನ ಮೊಬೈಲಿನ್ಯಾಗ ಹಿಡಿದಾನ, ಏನ್ ಬಂದದರಿ ವಿಡಿಯೋ! ಬಸ್ಸು ಡ್ರೈವ್ ಆಫ್, ನಾ ರನ್ ಆಫ್ಟರ್, ಹುಡುಗ್ರು ಲೆಫ್ಟ್ ಬಿಹೈಂಡ್. ಮೂರೂ ಒಂದರಾಗೇ ಸಿಕ್ಕಾವು. ಮಂದಿ ನಗಾಕತ್ತಾರ. ನಾಳಿ ಮತ್ತ ಇದನ್ನೇ ಮಾಡೂಣು."

ಪರದೆಯ ಹಿಂದೆ ಯಂತ್ರವೊಂದು ಗೊರಗೊರ ಅಂದಿತು, ನಿಂತಿತು, ಮತ್ತೆ ಗೊರಗೊರ ಅಂದಿತು. ಆಮೇಲೆ ಒಮ್ಮೆಲೇ, ಕುದುರೆ ಓಡಿದಂತೆ, ಟಕಟಕ ಟಕಟಕ ಎಂದು ಜೋರಾಗಿ ಶುರುವಾಯಿತು. ಕರೀಮಾ ಗೋಡೆಗೆ ಆತು ಹಾಗೇ ನೆಲಕ್ಕೆ ಕುಸಿದು ಕೂತಳು, ಅಳತೊಡಗಿದಳು.

"ಅದೇನ್ರಿ ಸಪ್ಪಳ? ಬಸ್ಸಿನ್ಯಾಗೇ ಅದೀರೇನು?"

"ಕೂಸಿನ ಎದಿ ಬಡಿಯಾಕತ್ತದರಿ," ಅಂದೆ.

"ಯಾವ ಕೂಸ್ರಿ ಮೇಡಂ?"