ಜನರೇಟರಿನ ಕಡೆಗೆ

ಜೊತೆಗೆ ಕೆಲಸ ಮಾಡುತ್ತಿದ್ದ ಅಸ್ಲಂ ಕರೆಂಟು ಕಂಬದ ಮೇಲೆ ತೀರಿಕೊಂಡ ನಂತರ, ಲೈನ್‌ಮನ್ ನಾಗಲಿಂಗಯ್ಯ ಸಂಜೆಯಾಗುತ್ತಲೇ ತನ್ನ ಮನೆಯ ಫ್ಯೂಸ್ ಕಿತ್ತು ಜೇಬಿಗೆ ಹಾಕಿಕೊಳ್ಳತೊಡಗಿದ. ಹೆಂಡತಿ ಆಶಾರಾಣಿ ಮೊದಮೊದಲು ಬುಡ್ಡಿ ದೀಪದಲ್ಲೇ ಅಡುಗೆ ಮಾಡಿದಳು. ಮಗಳು ಯಶಸ್ವಿನಿ ಮೊಬೈಲಿನ ಬೆಳಕಿನಲ್ಲೇ ಪರೀಕ್ಷೆಗೆ ಓದಿಕೊಂಡಳು. ಆದರೆ ಒಂದು ಮಧ್ಯಾಹ್ನ ಪಕ್ಕದ ಬೀದಿಯ ಮದುವೆ ಮನೆಯಲ್ಲಿ ಜನರೇಟರ್ ಗುಡುಗುಡು ಎಂದಿತು. ಮನೆಯಲ್ಲಿ ಊಟಕ್ಕೆ ಕೂತಿದ್ದ ನಾಗಲಿಂಗಯ್ಯ ಎಂಜಲು ಕೈಯಲ್ಲೇ ಎದ್ದು, ಬರಿಗಾಲಲ್ಲಿ ಆ ಸದ್ದಿನ ಕಡೆಗೆ ಓಡಿಬಿಟ್ಟ. ಚಪ್ಪರದ ಕೆಳಗೆ ಏದುಸಿರು ಬಿಡುತ್ತ ನಿಂತವನನ್ನು ಜನ ಸುತ್ತುಗಟ್ಟಿ ನೋಡುತ್ತಿದ್ದರು. ಆಶಾರಾಣಿ ಕೈ ಹಿಡಿದು ಮನೆಗೆ ಕರೆತಂದಳು.

ಮಾರನೆಯ ದಿನ ಅವಳೇ ಅವನ ಕಚೇರಿಗೆ ಹೋಗಿ ಇಂಜಿನಿಯರ್ ಬಸವಲಿಂಗಯ್ಯನವರ ಮುಂದೆ ನಿಂತಳು. ಕೊರಟಗೆರೆಯ ಆಸ್ಪತ್ರೆಗೆ ವಾರಕ್ಕೊಮ್ಮೆ ಒಬ್ಬ ಆಪ್ತಸಮಾಲೋಚಕಿ ಬರುತ್ತಾರೆ, ಕರಕೊಂಡು ಹೋಗಮ್ಮ, ರಜೆಯ ಚಿಂತೆ ನನಗಿರಲಿ ಎಂದರು ಅವರು.

"ನಂಗೇನ್ ಹುಚ್ಚು ಹಿಡಿದೈತಾ?" ಎಂದು ನಾಗಲಿಂಗಯ್ಯ ಕೂಗಾಡಿದ.

"ಹುಚ್ಚು ಅಂತ ಯಾರಂದ್ರು? ನೀವು ನಿದ್ದೆ ಮಾಡಿ ಎಷ್ಟು ದಿನ ಆಯ್ತು ಅಂತ ನಂಗೊಬ್ಬಳಿಗೇ ಗೊತ್ತು" ಎಂದಳು ಆಶಾರಾಣಿ. ಆ ಗುರುವಾರ ಅವನು ಅವಳ ಜೊತೆ ಹೊರಟ.

ಆಸ್ಪತ್ರೆಯ ಕೋಣೆಯಲ್ಲಿ ಕೂತಿದ್ದ ಆಪ್ತಸಮಾಲೋಚಕಿ ಬುಷ್ರಾ, ಶಿರಾದವಳು. "ಆಯಿಯೇ, ಕೂತ್ಕೊಳ್ಳಿ ಅಣ್ಣ" ಎಂದಳು. ಶಿರಾದವನೇ ಆಗಿದ್ದ ಅಸ್ಲಮನ ಮಾತಿನ ರಾಗವೇ. ನಾಗಲಿಂಗಯ್ಯ ಬಾಗಿಲಿಂದಲೇ ಹಿಂದಿರುಗಿ ವರಾಂಡದಲ್ಲಿ ಗೋಡೆಗೆ ಆತು ನಿಂತ. ಬುಷ್ರಾ ಹಿಂದೆಯೇ ಬರಲಿಲ್ಲ, ಕರೆಯಲೂ ಇಲ್ಲ. ಸ್ವಲ್ಪ ಹೊತ್ತಾದ ಮೇಲೆ ಅವನೇ ಒಳಗೆ ಹೋಗಿ ಕೂತ. ಅವತ್ತು ಅವಳು ಅಸ್ಲಮನ ಹೆಸರೆತ್ತಲಿಲ್ಲ. ಊಟ, ನಿದ್ದೆ, ಮಗಳ ಓದು ಇಷ್ಟನ್ನೇ ಕೇಳಿದಳು. ನಿದ್ದೆಗಾಗಿ ಅಲ್ಲಿನ ಡಾಕ್ಟರಿಗೂ ತೋರಿಸಿದಳು.

ಮೂರನೆಯ ಭೇಟಿಯಲ್ಲಿ ಅವನ ಬಾಯಿ ತಾನಾಗಿ ಬಿಚ್ಚಿತು.

ಚನ್ನರಾಯನದುರ್ಗದ ಬೆಟ್ಟದ ಕೆಳಗೆ ಗಾಳಿಗೆ ತಂತಿ ಹರಿದಿತ್ತು. ಇಬ್ಬರೂ ಸೇರಿ ಲೈನ್ ಆಫ್ ಮಾಡಿಸಿದ ಮೇಲೆ ಅಸ್ಲಂ ಕಂಬ ಹತ್ತಿದ್ದ. ಅಷ್ಟರಲ್ಲಿ ಹೊಲದಾಚೆಯ ಕೋಳಿ ಫಾರಮ್ಮಿನವರು ಕರೆಂಟಿಲ್ಲವೆಂದು ಜನರೇಟರ್ ಹಾಕಿದರು. ಅದರ ಕರೆಂಟು ಆಫ್ ಆಗಿದ್ದ ತಂತಿಯೊಳಕ್ಕೆ ಹಿಂದಿನಿಂದ ನುಗ್ಗಿ ಅಸ್ಲಮನನ್ನು ಹಿಡಿಯಿತು.

"ಸದ್ದು ಕೇಳಿದ ತಕ್ಷಣ ನಂಗೆ ಗೊತ್ತಾಗ್ಬುಡ್ತು ಮೇಡಂ. ಕಂಬ ಹತ್ತಿ ಅವನ್ನ ಮುಟ್ಟಂಗಿಲ್ಲ. ಮುಟ್ಟುದ್ರೆ ಇಬ್ರೂ ಹೋಗ್ತೀವಿ. ಅದುನ್ನ ಆರಿಸ್ಬೇಕು ಅಂತ ಫಾರಮ್ ಕಡೆ ಓಡ್ದೆ. ನಾನು ಬೆನ್ನು ತಿರುಗ್ಸಿದ್ದೇ ತಡ, ನಾಗಣ್ಣಾ ಅಂತ ಒಂದೇ ಸಲ ಕೂಗ್ದ. ತಿರುಗಿ ನೋಡ್ಲಿಲ್ಲ ನಾನು. ಬುಟ್ಟು ಓಡೋಗ್ತಾವ್ನೆ ಅಂದ್ಕೊಂಡೇ ಸತ್ನೇನೋ."

ಬುಷ್ರಾ ಸಮಾಧಾನದ ಮಾತು ಆಡಲಿಲ್ಲ. ಅವನು ಅತ್ತು ಮುಗಿಸುವವರೆಗೆ ಕಾದಳು.

"ಇದನ್ನ ಬೇರೆ ಯಾರ ಹತ್ರ ಹೇಳಿದ್ದೀರಿ?"

"ಯಾರಿಗೇಳ್ಲಿ? ಎಲ್ರೂ ನಿನ್ ತಪ್ಪಿಲ್ಲ ಬುಡು ಅಂತಾರೆ. ಅಲ್ಲಿಗೆ ಮಾತು ಮುಗೀತು."

"ಯಾರ ಹತ್ರನಾದ್ರೂ ಹೇಳಬೇಕು ಅಂತ ಅನ್ನಿಸಿದೆಯಾ?"

"ಅಸ್ಲಮನ ಹೆಂಡ್ತಿ ನಜ್ಮುನ್ನೀಸಾ ಹತ್ರ" ಎಂದ ನಾಗಲಿಂಗಯ್ಯ. ಅವಳ ಮುಖವನ್ನು ಅವನು ಅಸ್ಲಮನನ್ನು ಮಣ್ಣು ಮಾಡಿದ ದಿನದಿಂದ ನೋಡಿರಲಿಲ್ಲ. ಶಿರಾಕ್ಕೆ ಹೋಗುವ ಬಸ್ಸನ್ನೇ ಹತ್ತಿರಲಿಲ್ಲ.

"ಅವಸರವಿಲ್ಲ. ನಿಮಗೆ ಆಗುತ್ತೆ ಅನ್ನಿಸಿದಾಗ ಹೋಗಿ. ಒಬ್ಬರೇ ಹೋಗಬೇಡಿ" ಎಂದಳು ಬುಷ್ರಾ.

ಇನ್ನೂ ಕೆಲವು ವಾರ ಕಳೆದು, ಒಂದು ಭಾನುವಾರ ಗಂಡ ಹೆಂಡತಿ ಶಿರಾಕ್ಕೆ ಹೋದರು. ನಜ್ಮುನ್ನೀಸಾ ಬಾಗಿಲು ತೆರೆದವಳು ಬನ್ನಿ ಎನ್ನಲಿಲ್ಲ.

"ಈಗ ನೆನಪಾಯ್ತಾ ಭಾಯ್? ಊರಿನವರೆಲ್ಲ ಬಂದು ಹೋದ್ರು. ನಿಮ್ಮನ್ನೇ ಕಾಯ್ತಾ ಇದ್ದೆ ನಾನು. ಜೊತೇಲಿದ್ದವರು ನೀವೊಬ್ಬರೇ."

ಹೊಸಿಲಲ್ಲೇ ನಿಂತು ಅವನು ಎಲ್ಲವನ್ನೂ ಹೇಳಿದ. ಆ ಕೂಗಿನ ಮಾತು ಬಂದಾಗ ಅವಳು ಸೆರಗಿನಿಂದ ಬಾಯಿ ಮುಚ್ಚಿಕೊಂಡು ಕೆಳಗೆ ಕುಸಿದಳು. ಆಶಾರಾಣಿ ಪಕ್ಕದಲ್ಲಿ ಕೂತು ಅವಳ ಬೆನ್ನು ಸವರಿದಳು. ಒಳಗೆ ಕುಕ್ಕರು ಕೂಗಿ ಕೂಗಿ ಸುಮ್ಮನಾಯಿತು.

"ನಂಗೆ ಎಲ್ರೂ ಹೇಳಿದ್ದು, ಒಂದು ಸದ್ದೂ ಇಲ್ದೆ ಹೋಗ್ಬಿಟ್ರು ಅಂತ" ಎಂದಳು ನಜ್ಮುನ್ನೀಸಾ ಕೊನೆಗೆ. "ಕೂಗಿದ್ರಾ..." ತಲೆಯೆತ್ತಿ ಅವನನ್ನೇ ನೋಡಿ ಅಂದಳು: "ಅವರೂ ಅದೇ ಕೆಲ್ಸದವರಲ್ವಾ ಭಾಯ್. ಜನರೇಟರ್ ಸದ್ದು ಅವರ ಕಿವಿಗೂ ಬಿದ್ದಿರುತ್ತೆ. ನೀವು ಎಲ್ಲಿಗೆ ಓಡ್ತಿದ್ರಿ ಅಂತ ಅವರಿಗೆ ಗೊತ್ತಾಗ್ದೆ ಇರುತ್ತಾ?"

ನಾಗಲಿಂಗಯ್ಯನಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ನಿಜವೋ ಅಲ್ಲವೋ, ಹೇಳಬಲ್ಲವನು ಮಣ್ಣಿನಡಿಯಲ್ಲಿದ್ದ. ಆದರೂ ಅವನು ಆ ಮಾತನ್ನು ಎರಡು ಕೈಯಲ್ಲಿ ಇಸಿದುಕೊಂಡವನಂತೆ ಹಾಗೇ ನಿಂತ.

ಅವನು ಪೂರ್ತಿ ಹುಷಾರಾದ ಎನ್ನುವಂತಿಲ್ಲ. ಕಂಬ ಹತ್ತುವುದು ಆಗಲಿಲ್ಲ. "ಕೈ ನಡುಗ್ತದೆ ಸಾರ್, ಆಗಲ್ಲ" ಎಂದು ಬಸವಲಿಂಗಯ್ಯನವರಿಗೆ ನೇರವಾಗಿ ಹೇಳಿದ. ಅವರು ಸ್ಟೋರಿನ ಕೆಲಸ ಕೊಟ್ಟರು. ಗುರುವಾರ ಗುರುವಾರ ಬುಷ್ರಾಳ ಹತ್ತಿರ ಹೋಗುವುದನ್ನು ಬಿಡಲಿಲ್ಲ, ಎಲ್ಲಿಗೆ ಎಂದು ಕೇಳಿದವರಿಗೆ ಮುಚ್ಚಿಡಲೂ ಇಲ್ಲ. ತಿಂಗಳಿಗೊಮ್ಮೆ ಶಿರಾಕ್ಕೂ ಹೋಗಿಬರುತ್ತಾನೆ. ಮೊದಲು ಪಾವಗಡದಲ್ಲಿ ಕೆಲಸಕ್ಕಿದ್ದಾಗ ಅಸ್ಲಂ ಬಿಸಿಲಿನಲ್ಲಿ ಕಂಬದ ತುದಿಯಲ್ಲಿ ಕೂತು ಹೆಂಡತಿಯ ಅಡುಗೆಯನ್ನು ಹೊಗಳುತ್ತಿದ್ದುದನ್ನು ಅವನು ಹೇಳುತ್ತಾನೆ. ನಜ್ಮುನ್ನೀಸಾ ಒಂದೊಂದು ಸಲ ಕಣ್ಣೊರೆಸಿಕೊಂಡು, "ನನ್ನೆದುರಿಗೆ ಒಂದಿನಾನೂ ಹೊಗಳಿದವರಲ್ಲ" ಎಂದು ನಗುತ್ತಾಳೆ.