ಕ್ಯಾಪ್ಟನ್‌ಗೆ ಗಡ್ಡ ಇತ್ತೇ?

ಫಿನ್ಲೆಂಡಿನ ನಮ್ಮ ವಾರ್ಕೌಸ್ ಊರಿನಲ್ಲಿ ಗುರುವಾರ ಅಂದರೆ ಬಟಾಣಿ ಸೂಪು, ಅದಾದ ಮೇಲೆ ಜಾಮ್ ಹಾಕಿದ ಪ್ಯಾನ್‌ಕೇಕ್. ಗ್ರಂಥಾಲಯದ ಪಕ್ಕದ ಕ್ಯಾಂಟೀನಿನಲ್ಲಿ ಅದನ್ನು ಉಂಡು, ಅಲ್ಲೇ ಕಿಟಕಿ ಪಕ್ಕದ ಮೇಜಿನಲ್ಲಿ ಕೂತು ವಿಜ್ಞಾನ ಕಾದಂಬರಿಗಳ ಬಗ್ಗೆ ಹರಟುವುದು ನಮ್ಮ ಓದು ಬಳಗದ ರೂಢಿ. ಬಳಗ ಅಂದರೆ ಈಗ ಇಬ್ಬರೇ: ಹಲ್ಲಿನ ಸೆಟ್ಟು ಮಾಡಿ ಮಾಡಿ ನಿವೃತ್ತಳಾದ ಇರ್ಮೆಲಿ, ಅಂದರೆ ನಾನು, ಮತ್ತು ಕಾಲುವೆಯ ಕಟ್ಟೆಯಲ್ಲಿ ದೋಣಿಗಳಿಗೆ ನೀರಿನ ಬಾಗಿಲು ತೆರೆಯುತ್ತಿದ್ದ ಆರ್ವಿ. ಮಿಕ್ಕವರೆಲ್ಲ ಕೊಲೆ ಪತ್ತೆಯ ಕಾದಂಬರಿಗಳ ಕಡೆ ವಾಲಿಬಿಟ್ಟರು. ಅವರ ಕರ್ಮ.

ಆ ಗುರುವಾರ ನನಗೆ ಸೂಪಿನ ಕಡೆ ಗಮನವೇ ಇರಲಿಲ್ಲ. ಆರ್ವಿಯ ಅಕ್ಕ ಸೈಮಿ ಇರುವುದು ದೂರದ ಔಲು ಪಟ್ಟಣದಲ್ಲಿ. ಹೆಂಡತಿ ತೀರಿಹೋದ ಮೇಲೆ ಒಬ್ಬನೇ ಅಲ್ಲೇನು ಮಾಡುತ್ತೀಯ, ನಮ್ಮ ಮನೆಯ ಮಹಡಿ ಖಾಲಿ ಇದೆ, ಬಂದುಬಿಡು ಎಂದು ಚಳಿಗಾಲವಿಡೀ ತಮ್ಮನ ತಲೆ ತಿಂದಿದ್ದಳು. ಈ ಮಧ್ಯಾಹ್ನ ಫೋನ್ ಮಾಡಿ ಕೊನೆಯ ಮಾತು ಕೇಳುತ್ತಾಳಂತೆ. ಆರ್ವಿ ಹೂಂ ಅಂದರೆ ಮುಗಿಯಿತು. ಅವನು ಹೋಗಬಾರದು ಅಂತ ನನಗೆ ತುಂಬಾ ಆಸೆ, ಅದೂ ಬರೀ ಪುಸ್ತಕಕ್ಕಾಗಿ ಅಲ್ಲ. ಆದರೆ ಹೇಳಲು ಬಾಯಿ ಬರಬೇಕಲ್ಲ. ವರ್ಷಗಟ್ಟಲೆ ಎದುರುಬದುರು ಕೂತು ಕೆರೆಯ ಮಂಜುಗಡ್ಡೆ ಎಷ್ಟು ದಪ್ಪ ಇದೆ ಎಂದಷ್ಟೇ ಮಾತಾಡಿಕೊಳ್ಳಬಲ್ಲ ಜನ ನಾವು.

"ಹೋಗ್ತೀಯಾ?" ಅಂತ ಕೇಳಿದೆ.

"ನೋಡ್ಬೇಕು," ಅಂದ. "ಮೊದ್ಲು ಪುಸ್ತಕದ ವಿಷ್ಯ ಮಾತಾಡೋಣ."

ಸರಿ, ಪುಸ್ತಕ. ಆ ಸಲ ಓದಿದ್ದು ಮೂರು. ಚಳಿಗಾಲದಲ್ಲಿ ಕಾಡೇ ಎದ್ದು ಬೇರೆ ಕಡೆ ನಡೆದುಹೋಗುವ ಗ್ರಹದ ಕಥೆ ನನಗೆ ಬಹಳ ಹಿಡಿಸಿತ್ತು. ವಸಂತ ಬಂದಾಗ ಅಲ್ಲಿನ ಜನ ತಮ್ಮ ಮನೆ ಹುಡುಕಿಕೊಂಡು ಅಲೆಯುವುದನ್ನು ಓದಿ ಬಸ್ಸಿನಲ್ಲೇ ನಕ್ಕಿದ್ದೆ. ಅವನಿಗೆ ನ್ಯಾಯ ಹೇಳುವ ಯಂತ್ರದ ಕಾದಂಬರಿ ಇಷ್ಟ. ಆ ಯಂತ್ರ ಯಾರ ಮನಸ್ಸನ್ನೂ ನೋಯಿಸಬಾರದೆಂದು ಕಳ್ಳನಿಗೂ ಒಂದು ಬಹುಮಾನ ಕೊಟ್ಟು ಕಳಿಸುತ್ತದೆ. ನನಗೆ ಅದು ಆಕಳಿಕೆ ತರಿಸಿತು, ಅದನ್ನು ಅವನ ಮುಖಕ್ಕೇ ಹೇಳಿದೆ. ಇಬ್ಬರಿಗೂ ಜೀವ ಅನ್ನಿಸಿದ್ದು ಮೂರನೆಯದು. ಗ್ರಹದಿಂದ ಗ್ರಹಕ್ಕೆ ಮಂಜುಗಡ್ಡೆ ಸಾಗಿಸುವ ಹಳೇ ಹಡಗೊಂದರ ಕ್ಯಾಪ್ಟನ್ ಕಥೆ. ಹಡಗು ಕೆಟ್ಟು ನಿಂತರೂ ಕ್ಯಾಪ್ಟನ್ ಬಿಟ್ಟು ಹೋಗುವುದಿಲ್ಲ, ಯಾಕೆಂದರೆ ದೂರದ ಠಾಣೆಯಲ್ಲಿ ಒಂಟಿಯಾಗಿರುವ ಒಬ್ಬರು ರೇಡಿಯೋದಲ್ಲಿ ದಿನಾ ಕ್ಯಾಪ್ಟನ್ ದನಿಗೆ ಕಾಯುತ್ತಿರುತ್ತಾರೆ.

"ಹೊರಗಡೆ ರಿಪೇರಿ ಮಾಡಿ ಬಂದಾಗ ಕ್ಯಾಪ್ಟನ್ ಗಡ್ಡ ಎಲ್ಲಾ ಮಂಜಾಗಿರತ್ತಲ್ಲ," ಅಂದೆ, "ಅಲ್ಲಿ ಅಳು ಬಂತು ನಂಗೆ."

ಆರ್ವಿ ಚಮಚ ಕೆಳಗಿಟ್ಟ. "ಗಡ್ಡ ಎಲ್ಲಿಂದ ಬಂತು?"

"ಪುಸ್ತಕದಲ್ಲೇ ಇದೆ."

"ಮುಖಕ್ಕೆ ಮಂಜು ಹಿಡೀತು ಅಂತ ಇದೆ. ಗಡ್ಡ ನೀನು ಅಂಟಿಸಿದ್ದು."

"ಅಷ್ಟು ವಯಸ್ಸಾದ ಗಂಡಸು, ದಿನಾ ಬೋಳಿಸ್ಕೊಳ್ತಾ ಕೂರ್ತಾನಾ ಅಲ್ಲಿ?"

"ಗಂಡಸಾ?" ಅಂದ ಆರ್ವಿ. "ಕ್ಯಾಪ್ಟನ್ ಹೆಂಗಸು ಕಣೆ."

ನಾನು ಪುಸ್ತಕ ಎಳೆದುಕೊಂಡು ಹಾಳೆ ಮೇಲೆ ಹಾಳೆ ತಿರುವಿದೆ. ಎಲ್ಲ ಕಡೆಯೂ 'ಹ್ಯಾನ್'. ನಮ್ಮ ಫಿನ್ನಿಷ್ ಭಾಷೆಯಲ್ಲಿ ಗಂಡಿಗೂ ಹೆಣ್ಣಿಗೂ ಅದೊಂದೇ ಮಾತು, ಕ್ರಿಯಾಪದದಲ್ಲೂ ಸುಳಿವು ಸಿಗದು. ಮೂಲ ನೋಡೋಣವೆಂದರೆ ಅದು ಎಸ್ಟೋನಿಯಾದ್ದು, ಆ ಭಾಷೆಗೂ ಇದೇ ಜಾಡ್ಯ. ಹೋಗಲಿ, ಹೆಸರಾದರೂ? ಎಲ್ಲರೂ ಬರೀ 'ಕ್ಯಾಪ್ಟನ್' ಅನ್ನುತ್ತಾರೆ. ಒಂದೇ ಪುಸ್ತಕ ಓದಿದೆವು ಎಂದುಕೊಂಡು ನಾವು ಎರಡು ಓದಿದ್ದೆವು.

ಕಾಫಿ ತರೋಣವೆಂದು ಎದ್ದೆ. ಕ್ಯಾಂಟೀನಿನ ಯಂತ್ರ ಎಂದಿನಂತೆ ಗೊರಗೊರ ಅಂದು ನಿಂತಿತು. ನಾನು ಎಂದಿನಂತೆ ಅದರ ವಂಶವನ್ನೆಲ್ಲ ಜಾಲಾಡಿ, ಪಕ್ಕೆಗೊಂದು ಗುದ್ದು ಕೊಟ್ಟು ಎರಡು ಲೋಟ ಹಿಡಿದು ಬಂದೆ. ಅಷ್ಟರಲ್ಲಿ ಗ್ರಂಥಪಾಲಕಿ ಪೈವಿಕ್ಕಿ ನಮ್ಮ ಜಗಳ ಕೇಳಿ ಬಂದು ಕೂತಿದ್ದಳು.

"ಇಷ್ಟಕ್ಕೆ ಯಾಕೆ ಗಲಾಟೆ?" ಅಂದಳು, ಫೋನ್ ತೆಗೆಯುತ್ತ. "ಇದು ಇಂಗ್ಲಿಷಿಗೂ ಹೋಗಿದೆ. ಅಲ್ಲಿ ಅವನೋ ಅವಳೋ ಒಂದು ಬರೀಲೇಬೇಕಲ್ಲ. ನೋಡಿ ಹೇಳ್ಲಾ?"

"ಬೇಡ," ಅಂದೆ.

"ಬೇಡ," ಅಂದ ಆರ್ವಿ, ನನ್ನ ಮಾತು ಮುಗಿಯುವ ಮುಂಚೆಯೇ.

ಪೈವಿಕ್ಕಿ ಇಬ್ಬರ ಮುಖವನ್ನೂ ನೋಡಿದಳು. ಬುದ್ಧಿವಂತೆ, ಏನೋ ಕೆಲಸ ನೆನಪಾದವಳಂತೆ ಎದ್ದು ಹೋದಳು.

ಆರ್ವಿ ಉಳಿದ ಪ್ಯಾನ್‌ಕೇಕನ್ನು ಎರಡು ಮಾಡಿ, ದೊಡ್ಡ ಚೂರನ್ನು ನನ್ನ ತಟ್ಟೆಗೆ ತಳ್ಳಿದ. ಯಾವಾಗಲೂ ಹಾಗೇ ಮಾಡುತ್ತಾನೆ, ಮಾಡಿದ್ದು ತನಗೇ ಗೊತ್ತಿಲ್ಲವೆಂಬಂತೆ. ಕ್ಯಾಪ್ಟನ್ ಕೂಡ ರೊಟ್ಟಿಯಲ್ಲಿ ದೊಡ್ಡ ಪಾಲನ್ನು ಬೇರೆಯವರಿಗೇ ಕೊಡುವುದು. ಈಗ ಹೇಳದಿದ್ದರೆ ಇನ್ನು ಯಾವತ್ತೂ ಹೇಳಲಾರೆ ಅನ್ನಿಸಿತು.

"ನೋಡು ಆರ್ವಿ, ಪುಸ್ತಕದಲ್ಲಿ ಗಡ್ಡ ಇಲ್ಲ, ಒಪ್ಕೊಂಡೆ. ಅದು ನಿಂದೇ ಗಡ್ಡ. ಮೊದಲ್ನೇ ಪುಟದಿಂದ ನಾನು ಓದಿದ್ದು ನಿನ್ನನ್ನೇ."

ಅವನ ಕಿವಿ ಕೆಂಪಾಯಿತು. ಕಿಟಕಿಯಾಚೆ ಕೆರೆಯನ್ನು ನೋಡಿದ. ಮಂಜುಗಡ್ಡೆಯ ದಪ್ಪದ ಮಾತೆತ್ತಿದರೆ ಕಾಫಿ ತಲೆ ಮೇಲೆ ಸುರಿಯುವುದೆಂದು ನಾನು ನಿರ್ಧರಿಸಿದ್ದೆ. ಅವನು ತನ್ನ ಕಾಫಿ ಕಲಕತೊಡಗಿದ.

"ನಿನ್ನ ಕ್ಯಾಪ್ಟನ್ ಯಾರು ಅಂತ ಗೊತ್ತು ಬಿಡು," ಅಂದೆ, ನಾನೇ ದಾರಿ ಮಾಡಿಕೊಡುತ್ತ. "ಹೆಲ್ವಿ. ತಪ್ಪೇನಿಲ್ಲ. ಅಷ್ಟು ವರ್ಷ ಬಾಳಿದ ಹೆಂಡ್ತಿ."

"ಹೆಲ್ವಿಯಾ?" ಅಂದ. "ಪಾಪ, ಅವ್ಳಿಗೆ ಹುಟ್ಟುದೋಣಿ ಹತ್ತಿದ್ರೂ ವಾಂತಿ ಬರ್ತಿತ್ತು."

"ಮತ್ತೆ ಯಾರು?"

ಬಾಯಿ ತೆರೆದ. ಆಗಲೇ ಅವನ ಜೇಬಿನಲ್ಲಿ ಫೋನ್ ಹೊಡೆದುಕೊಳ್ಳಬೇಕೇ. ಸೈಮಿಗೆ ಕಿವಿ ಮಂದ. ಅವಳ ಫೋನ್ ಮಾತು ಇಡೀ ಕ್ಯಾಂಟೀನಿಗೆ ಕೇಳುತ್ತದೆ.

"ಏನಪ್ಪಾ ತೀರ್ಮಾನ ಮಾಡ್ದೆ? ಮಂಚ ತರಿಸ್ಲಾ?"

ಆರ್ವಿ ಗಂಟಲು ಸರಿಮಾಡಿಕೊಂಡ. ನಾನು ಲೋಟವನ್ನು ಎರಡೂ ಕೈಯಲ್ಲಿ ಗಟ್ಟಿ ಹಿಡಿದಿದ್ದೆ.

"ಬರಕ್ಕಾಗಲ್ಲ ಅಕ್ಕಾ. ಆ ಹಡಗಿನ ಕಥೆ ಎರಡ್ನೇ ಭಾಗ ಓದೋದಿದೆ."

"ಔಲುವಲ್ಲಿ ಪುಸ್ತಕ ಸಿಗಲ್ವೇನೋ?"

"ಸಿಗತ್ತೆ. ಒಬ್ಬನೇ ಓದಕ್ಕಾಗಲ್ಲ. ಹ್ಯಾನ್ ಇಲ್ಲಿದ್ದಾರೆ."

ಅಕ್ಕನ ದನಿ ಇನ್ನೂ ಏರಿತು. "ಹ್ಯಾನ್ ಅಂದ್ರೆ ಯಾರೋ? ಗಂಡಸೋ ಹೆಂಗಸೋ, ಬಿಡಿಸಿ ಹೇಳು."

ಆರ್ವಿ ಒಮ್ಮೆ ಕಾಫಿ ಯಂತ್ರದ ಕಡೆ ನೋಡಿದ, ಆಮೇಲೆ ನೆಟ್ಟಗೆ ನನ್ನ ಕಡೆ.

"ಕ್ಯಾಪ್ಟನ್," ಅಂದ. "ಯಂತ್ರ ಕೆಟ್ರೆ ಅದಕ್ಕೆ ಬೈದು ಬೈದು ರಿಪೇರಿ ಮಾಡ್ತಾರಲ್ಲ, ಅವ್ರು."